ಈಟನ್ ಮತ್ತು ಹ್ಯಾರೋ: ಎರಡು ವಸತಿಶಾಲೆಗಳ ಇನ್ನೂರು ವರ್ಷಗಳ ಪಂದ್ಯ

ಆಟವು ಮಕ್ಕಳಿಗೆ ಸಹಜವಾದುದು. ಸ್ಪರ್ಧೆಯು ಮನುಷ್ಯಮಾತ್ರರಿಗೆಲ್ಲ ಸಹಜವಾದುದು. ಇವೆರಡೂ ಒಂದೆಡೆ ಕೂಡಿದಲ್ಲಿ ಏನೇನು ಸಂಭವಿಸಬಹುದೆಂಬುದಕ್ಕೆ ಇಂಗ್ಲೆಂಡಿನ ಎರಡು ವಸತಿಶಾಲೆಗಳ ಕಥೆ ಉತ್ತಮ ನಿದರ್ಶನ. ಈಟನ್ ಮತ್ತು ಹ್ಯಾರೋ ಎಂಬ ಈ ಶಾಲೆಗಳ ಬಾಲಕರು 1805ರಲ್ಲಿ ತಮ್ಮ ಪಾಡಿಗೆ ತಾವು ಆಡಿದ ಒಂದು ಕ್ರಿಕೆಟ್ ಪಂದ್ಯವು ಮುಂದೆ ಒಂದು ಸಂಪ್ರದಾಯವಾಗಿ, ಒಂದು ಉತ್ಸವವಾಗಿ, ಕೊನೆಗೆ ಒಂದು ವಿವಾದವಾಗಿ ಬೆಳೆದ ಬಗೆ ಕುತೂಹಲಕರ. ಇದು ದೂರದೇಶದ ಸಂಗತಿ, ನಮಗೇನು ಸಂಬಂಧವೆಂದು ವಾಚಕರು ಕೇಳಬಹುದು. ಆ ಅಂಗಳದಲ್ಲಿ ಆಡಿದ ಹುಡುಗರಲ್ಲಿ ಕೆಲವರು ಮುಂದೆ ನಮ್ಮ ಮುಂಬಯಿ, ಮದರಾಸು, ಹೈದರಾಬಾದುಗಳ ಇತಿಹಾಸದಲ್ಲಿಯೂ ಪಾತ್ರಧಾರಿಗಳಾದರು ಎಂಬುದನ್ನು ನೆನೆದರೆ ಸಂಬಂಧವು ತಾನಾಗಿ ತಿಳಿದೀತು.

ಎರಡು ಶಾಲೆಗಳ ಹಿನ್ನೆಲೆ

ಈಟನ್ ಶಾಲೆಯು 1440ರಲ್ಲಿ ಆರನೆಯ ಹೆನ್ರಿ ದೊರೆಯಿಂದ ಸ್ಥಾಪಿತವಾಯಿತು. ಥೇಮ್ಸ್ ನದಿಯ ಒಂದು ದಡದಲ್ಲಿ ವಿಂಡ್ಸರ್ ಅರಮನೆ, ಮತ್ತೊಂದು ದಡದಲ್ಲಿ ಈ ಶಾಲೆ. ಎಪ್ಪತ್ತು ಮಂದಿ ಬಡ ವಿದ್ಯಾರ್ಥಿಗಳಿಗೆ ಉಚಿತವಾಗಿ ವಿದ್ಯೆ ಕಲಿಸಬೇಕೆಂಬುದು ಸ್ಥಾಪಕನ ಸಂಕಲ್ಪವಾಗಿತ್ತು. ಹ್ಯಾರೋ ಶಾಲೆಯು 1572ರಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಸನ್ನದಿನ ಮೇರೆಗೆ ಜಾನ್ ಲಯನ್ ಎಂಬ ಅನುಕೂಲಸ್ಥ ಕೃಷಿಕನಿಂದ, ಲಂಡನ್ನಿನ ವಾಯವ್ಯಕ್ಕಿರುವ ಗುಡ್ಡದ ಮೇಲೆ ಆರಂಭವಾಯಿತು. ಇದೂ ಮೊದಲಿಗೆ ಸ್ಥಳೀಯ ಬಾಲಕರಿಗಾಗಿಯೇ ಇದ್ದ ಶಾಲೆ. ಬಡವರ ಹೆಸರಿನಲ್ಲಿ ಹುಟ್ಟಿದ ಈ ಎರಡೂ ಸಂಸ್ಥೆಗಳು ಕಾಲಕ್ರಮದಲ್ಲಿ ಸಿರಿವಂತರ, ಶ್ರೀಮಂತ ಮನೆತನಗಳ ಮಕ್ಕಳ ನೆಲೆಯಾದದ್ದು ಇತಿಹಾಸದ ಒಂದು ವ್ಯಂಗ್ಯ. ದತ್ತಿಯ ಉದ್ದೇಶಕ್ಕೂ ಅದರ ಫಲಾನುಭವಿಗೂ ನಡುವೆ ಅಂತರ ಬೆಳೆಯುವುದನ್ನು ನಮ್ಮ ವೃತ್ತಿಯವರು ಆಗಾಗ್ಗೆ ಕಾಣುವುದುಂಟು.

ಕನ್ನಡ ನಾಡಿಗೂ ಈ ಶಾಲೆಗಳಿಗೂ ಇರುವ ನಂಟು ಪಂದ್ಯಕ್ಕಿಂತಲೂ ಹಳೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಬಳಿಕ ಅಲ್ಲಿಯ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಈಟನ್ನಿನ ಹಳೆಯ ವಿದ್ಯಾರ್ಥಿ. ಆ ಯುದ್ಧವನ್ನು ಗವರ್ನರ್ ಜನರಲ್ ಆಗಿ ನಡೆಸಿದ ಆತನ ಅಣ್ಣ ರಿಚರ್ಡ್ ವೆಲ್ಲೆಸ್ಲಿಯಾದರೋ ಎರಡೂ ಶಾಲೆಗಳನ್ನು ಕಂಡವನು. ಹ್ಯಾರೋದಲ್ಲಿ ಬಾಲಕರು ಎಬ್ಬಿಸಿದ ದಂಗೆಯೊಂದರಲ್ಲಿ ಭಾಗಿಯಾಗಿ, ಅಲ್ಲಿಂದ ಹೊರಹಾಕಲ್ಪಟ್ಟು, ಈಟನ್ನಿಗೆ ಬಂದು ಸೇರಿದನು. ತಮ್ಮನಾದ ಆರ್ಥರ್ ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿ 1815ರಲ್ಲಿ ನೆಪೋಲಿಯನ್ನನನ್ನು ಸೋಲಿಸಿದನು. ವಾಟರ್ಲೂ ಸಮರವು ಈಟನ್ನಿನ ಆಟದ ಬಯಲಿನಲ್ಲಿಯೇ ಗೆಲ್ಲಲ್ಪಟ್ಟಿತೆಂದು ಆತ ಹೇಳಿದನೆಂಬ ಪ್ರತೀತಿ ಲೋಕವಿಖ್ಯಾತ. ಆತ ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಆದರೂ ಒಂದು ಶತಮಾನ ಕಾಲ ಇಂಗ್ಲೆಂಡಿನ ಶಾಲೆಗಳು ಆ ಮಾತನ್ನು ಮಂತ್ರದಂತೆ ಜಪಿಸಿದವು. ಆಟವೇ ಚಾರಿತ್ರ್ಯವನ್ನು ರೂಪಿಸುವ ಪಾಠವೆಂಬ ನಂಬಿಕೆಯು ಹೀಗೆಯೇ ಬೇರೂರಿತು.

ಮೊದಲ ಪಂದ್ಯ ಮತ್ತು ಕವಿ ಬೈರನ್

1805ರ ಆಗಸ್ಟ್ 2ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಇತ್ತಂಡಗಳೂ ಎದುರಾದವು. ಇಲ್ಲಿ ಲಾರ್ಡ್ಸ್ ಎಂದರೆ ಇಂದು ನಾವು ದೂರದರ್ಶನದಲ್ಲಿ ಕಾಣುವ ಮೈದಾನವಲ್ಲ. ಥಾಮಸ್ ಲಾರ್ಡ್ ಎಂಬಾತನು 1787ರಲ್ಲಿ ತೆರೆದ ಮೊದಲನೆಯ ಮೈದಾನವದು. ಈಗಿನ ಸ್ಥಳಕ್ಕೆ ಅದು ಬಂದದ್ದು 1814ರಲ್ಲಿ. ಹ್ಯಾರೋ ಬಾಲಕರು ಎರಡು ಸರದಿಗಳಲ್ಲಿ 55 ಮತ್ತು 65 ಓಟಗಳನ್ನು ಗಳಿಸಿದರು. ಈಟನ್ ಒಂದೇ ಸರದಿಯಲ್ಲಿ 122 ಓಟಗಳನ್ನು ಪೇರಿಸಿ, ಒಂದು ಇನ್ನಿಂಗ್ಸ್ ಮತ್ತು 2 ಓಟಗಳಿಂದ ಜಯಶಾಲಿಯಾಯಿತು.

ಸೋತ ಹ್ಯಾರೋ ತಂಡದಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗನಿದ್ದ. ಹುಟ್ಟಿನಿಂದಲೇ ಆತನ ಒಂದು ಪಾದ ಊನವಾಗಿತ್ತು. ದಾಂಡು ಹಿಡಿದು ಆಡಿದನಾದರೂ ಆತನ ಪರವಾಗಿ ಓಡಲು ಇನ್ನೊಬ್ಬನನ್ನು ಗೊತ್ತುಪಡಿಸಬೇಕಾಯಿತು. ಆ ಹುಡುಗನೇ ಮುಂದೆ ಆಂಗ್ಲ ಸಾಹಿತ್ಯದಲ್ಲಿ ಅಮರನಾದ ಲಾರ್ಡ್ ಬೈರನ್. ಪಂದ್ಯದ ತರುವಾಯ ಮಿತ್ರನಿಗೆ ಬರೆದ ಪತ್ರದಲ್ಲಿ ತಾನು ಮೊದಲ ಸರದಿಯಲ್ಲಿ 11, ಎರಡನೆಯದರಲ್ಲಿ 7 ಓಟಗಳನ್ನು ಗಳಿಸಿದುದಾಗಿ ಬೈರನ್ ತಿಳಿಸಿದ. ಓಟದ ಪಟ್ಟಿಯಾದರೋ 7 ಮತ್ತು 2 ಎಂದು ತೋರಿಸುತ್ತದೆ. ಹದಿನೆಂಟನ್ನು ಒಂಬತ್ತಕ್ಕೆ ಇಳಿಸುವ ಈ ವ್ಯತ್ಯಾಸವನ್ನು ಲೆಕ್ಕಪರಿಶೋಧಕನು ಒಪ್ಪಲಾರ. ಆದರೆ ಕುಂಟುವ ಕಾಲಿನಿಂದ ತನ್ನ ಶಾಲೆಗಾಗಿ ಕಣಕ್ಕಿಳಿದ ಬಾಲಕನ ಖಾತೆಯಲ್ಲಿ ಒಂಬತ್ತು ಓಟಗಳನ್ನು ಹೆಚ್ಚಿಗೆ ಜಮಾ ಮಾಡಲು ಸಹೃದಯರಿಗೆ ಅಭ್ಯಂತರವಿರದು.

ಆ ಸಂಜೆ ಎರಡೂ ತಂಡಗಳ ಹುಡುಗರು ಒಟ್ಟಿಗೆ ಊಟ ಮಾಡಿ, ಮದ್ಯ ಸೇವಿಸಿ, ಹೇಮಾರ್ಕೆಟ್ಟಿನ ನಾಟಕಶಾಲೆಗೆ ಹೋಗಿ ಗದ್ದಲವೆಬ್ಬಿಸಿದರೆಂದೂ ಅದೇ ಪತ್ರದಿಂದ ತಿಳಿದುಬರುತ್ತದೆ. ಹಗಲು ಎದುರಾಳಿಗಳು, ರಾತ್ರಿ ಒಡನಾಡಿಗಳು. ಪೈಪೋಟಿಯ ಆದಿಯಲ್ಲಿ ದ್ವೇಷವಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಪಂದ್ಯವು ಹಬ್ಬವಾದುದು

1820ರ ದಶಕದಿಂದ ಈ ಪಂದ್ಯವು ಬಹುಮಟ್ಟಿಗೆ ಪ್ರತಿವರ್ಷವೂ ಲಾರ್ಡ್ಸ್‌ನಲ್ಲಿ ನಡೆಯತೊಡಗಿತು. ವಿಂಚೆಸ್ಟರ್ ಎಂಬ ಮೂರನೆಯ ಶಾಲೆಯೂ ಕೆಲವು ದಶಕಗಳ ಕಾಲ ಅಲ್ಲಿ ಆಡುತ್ತಿದ್ದು, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಾರ್ಡ್ಸ್‌ನಿಂದ ಹಿಂದೆ ಸರಿಯಿತು. ಆಮೇಲೆ ಅಂಗಳವು ಈಟನ್ ಹ್ಯಾರೋಗಳಿಗೇ ಉಳಿಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಂತೂ ಜುಲೈ ತಿಂಗಳ ಈ ಎರಡು ದಿನಗಳು ಲಂಡನ್ನಿನ ಗಣ್ಯಸಮಾಜದ ಜಾತ್ರೆಯೇ ಆದವು. ಮೈದಾನದ ಅಂಚಿನ ಸುತ್ತ ಕುದುರೆಗಾಡಿಗಳ ಸಾಲು. ಗಾಡಿಗಳ ಮೇಲೆಯೇ ಭೋಜನಕೂಟ. ಎತ್ತರದ ರೇಷ್ಮೆ ಟೊಪ್ಪಿಗೆ ಧರಿಸಿದ ಮಹನೀಯರು. ಈಟನ್ನಿನವರದು ತಿಳಿನೀಲಿ ಬಣ್ಣ, ಹ್ಯಾರೋದವರದು ಕಡುನೀಲಿ. ಆ ಬಣ್ಣದ ರಿಬ್ಬನ್ನು ಧರಿಸಿದ ಅಕ್ಕತಂಗಿಯರು, ತಾಯಂದಿರು. ವಿವಾಹ ಸಂಬಂಧಗಳಿಗೂ ರಾಜಕೀಯ ಸಂಧಾನಗಳಿಗೂ ಈ ಸಮಾರಂಭವು ವೇದಿಕೆಯಾಗುತ್ತಿತ್ತು. ಇಷ್ಟೆಲ್ಲದರ ನಡುವೆ ಹದಿನಾರು ಹದಿನೇಳು ವರ್ಷದ ಇಪ್ಪತ್ತೆರಡು ಹುಡುಗರು ಚೆಂಡನ್ನು ಎಸೆದು ಹೊಡೆದು ಆಡುತ್ತಿದ್ದರು ಎಂಬುದನ್ನು ನೋಡಬಂದವರಲ್ಲಿ ಎಷ್ಟು ಮಂದಿ ಗಮನಿಸುತ್ತಿದ್ದರೋ!

ಆ ಹುಡುಗರಿಗೆ ಮಾತ್ರ ಅದು ಆಟವಾಗಿ ಉಳಿದಿರಲಿಲ್ಲ. ತಂದೆ ಆಡಿದ್ದ ಪಂದ್ಯದಲ್ಲಿ ಮಗನೂ ಆಡಬೇಕು. ಅಣ್ಣ ಸೋತಿದ್ದರೆ ತಮ್ಮ ಗೆಲ್ಲಬೇಕು. 1888ರಲ್ಲಿ ಹ್ಯಾರೋ ತಂಡದಲ್ಲಿದ್ದ ಸ್ಟ್ಯಾನ್ಲಿ ಜಾಕ್ಸನ್ ಎಂಬ ಹುಡುಗನಿಗೆ ಅವನ ತಂದೆ ಒಂದು ಆಮಿಷವನ್ನೊಡ್ಡಿದ್ದರಂತೆ: ಒಂದು ಓಟಕ್ಕೆ ಒಂದು ಶಿಲ್ಲಿಂಗ್, ಒಂದು ಹುದ್ದರಿಗೆ ಒಂದು ಪೌಂಡ್. ಹುಡುಗನು 21 ಮತ್ತು 59 ಓಟಗಳನ್ನು ಹೊಡೆದು, 68 ಓಟಗಳಿಗೆ 11 ಹುದ್ದರಿಗಳನ್ನು ಉರುಳಿಸಿದ; ಹ್ಯಾರೋ ಗೆದ್ದಿತು. ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್ ಎಂಬ ಅಂದಿನ ದರದಂತೆ ಎಂಬತ್ತು ಓಟಗಳಿಗೆ ನಾಲ್ಕು, ಹನ್ನೊಂದು ಹುದ್ದರಿಗಳಿಗೆ ಹನ್ನೊಂದು, ಒಟ್ಟು ಹದಿನೈದು ಪೌಂಡು ತಂದೆಯ ಮೇಲೆ ಬಾಕಿ ಬಂದಿತು. ಈ ಜಾಕ್ಸನ್ನನೇ 1905ರಲ್ಲಿ ಆಸ್ಟ್ರೇಲಿಯದ ವಿರುದ್ಧ ಐದೂ ಟೆಸ್ಟ್‌ಗಳಲ್ಲಿ ನಾಣ್ಯದ ಚಿಮ್ಮುಗೆಯನ್ನು ಗೆದ್ದ ಇಂಗ್ಲೆಂಡಿನ ನಾಯಕ. ತರುವಾಯ ಬಂಗಾಳದ ಗವರ್ನರ್ ಆಗಿ ಬಂದಾಗ, 1932ರ ಫೆಬ್ರವರಿ 6ರಂದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಕ್ರಾಂತಿಕಾರಿ ತರುಣಿ ಬೀನಾ ದಾಸ್ ಈತನ ಮೇಲೆ ಗುಂಡು ಹಾರಿಸಿದಳು. ಗುರಿ ತಪ್ಪಿ ಆತ ಪಾರಾದ.

ನಮ್ಮ ನೆಲಕ್ಕೆ ಬಂದ ಆಟಗಾರರು

ಮುಂಬಯಿವಾಸಿಗಳಿಗೆ ಚಿರಪರಿಚಿತವಾದ ಹೆಸರು ಲಾರ್ಡ್ ಹ್ಯಾರಿಸ್. ಈತ ಈಟನ್ ತಂಡದಲ್ಲಿ 1868ರಿಂದ 1870ರವರೆಗೆ ಆಡಿದವನು. 1870ರ ಪಂದ್ಯದಲ್ಲಿ ಚೆಂಡೆಸೆಯಲು ಓಡಿಬಂದವನು, ಎಸೆತಗಾರನ ತುದಿಯ ದಾಂಡಿಗನು ಮುಂಚಿತವಾಗಿಯೇ ಗೆರೆ ದಾಟಿದ್ದನ್ನು ಕಂಡು, ಎಸೆಯುವ ಬದಲು ಹುದ್ದರಿಯನ್ನೇ ಬೀಳಿಸಿ ಅವನನ್ನು ಔಟ್ ಮಾಡಿದ. ನಿಯಮಕ್ಕೆ ವಿರುದ್ಧವಲ್ಲದ ಈ ಕ್ರಮವು ಮುಂದೆ, 1947ರಲ್ಲಿ ಸಿಡ್ನಿಯಲ್ಲಿ ನಮ್ಮ ವಿನೂ ಮಂಕಡ್ ಆಸ್ಟ್ರೇಲಿಯದ ಬಿಲ್ ಬ್ರೌನ್‌ನನ್ನು ಹಾಗೆಯೇ ಔಟ್ ಮಾಡಿದ ಮೇಲೆ, ಮಂಕಡನ ಹೆಸರಿನಿಂದಲೇ ಕುಖ್ಯಾತವಾಯಿತು. ಅದಕ್ಕೂ ಎಪ್ಪತ್ತೇಳು ವರ್ಷ ಮೊದಲೇ, ಕ್ರೀಡಾಧರ್ಮದ ಗರ್ಭಗುಡಿಯೆನಿಸಿದ ಲಾರ್ಡ್ಸ್‌ನಲ್ಲಿ, ಈಟನ್ನಿನ ಸುಪುತ್ರನೊಬ್ಬನು ಅದೇ ಕೆಲಸವನ್ನು ಮಾಡಿದ್ದನೆಂಬುದನ್ನು ಟೀಕಾಕಾರರು ನೆನೆಯುವುದು ಅಪರೂಪ. ಕೀರ್ತಿಯಂತೆ ಅಪಕೀರ್ತಿಯೂ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ.

ಹ್ಯಾರಿಸ್ 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ. 1893ರ ಗಲಭೆಗಳು ನಗರವನ್ನು ಸುಡುತ್ತಿದ್ದಾಗ ಪುಣೆಯಲ್ಲಿಯೇ ಉಳಿದು ತಡವಾಗಿ ಬಂದನೆಂಬ ಆಕ್ಷೇಪವು ಈತನ ಮೇಲೆ ಉಂಟು. ಆದರೂ ಈತನ ಹೆಸರನ್ನು ಹೊತ್ತ ಅಂತರ್‌ಶಾಲಾ ಹ್ಯಾರಿಸ್ ಷೀಲ್ಡ್ ಪಂದ್ಯಾವಳಿಯು ಮುಂಬಯಿಯ ಕ್ರಿಕೆಟ್ಟಿಗೆ ತಾಯಿಬೇರಾಯಿತು. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಶಾರದಾಶ್ರಮ ವಿದ್ಯಾಮಂದಿರದ ಸಚಿನ್ ತೆಂಡುಲ್ಕರ್ ಮತ್ತು ವಿನೋದ್ ಕಾಂಬ್ಳಿ ಮುರಿಯದ ಜೊತೆಯಾಟದಲ್ಲಿ 664 ಓಟಗಳನ್ನು ಗಳಿಸಿದ್ದು ಈ ಪಂದ್ಯಾವಳಿಯಲ್ಲಿಯೇ. ಒಬ್ಬ ಪ್ರಾಧ್ಯಾಪಕ ಸಾಹಿತಿಯ ಮಗ, ಇನ್ನೊಬ್ಬ ಶ್ರಮಜೀವಿಯ ಮಗ. ರೇಷ್ಮೆ ಟೊಪ್ಪಿಗೆಯ ಹಬ್ಬದಿಂದ ಬಂದವನ ಹೆಸರಿನ ಫಲಕಕ್ಕಾಗಿ ಚಾಳುಗಳ ಮಕ್ಕಳು ಸೆಣಸಿದರೆಂಬುದು ಕಾಲಪುರುಷನ ನ್ಯಾಯ.

ಲಾರ್ಡ್ ವಿಲಿಂಗ್ಡನ್ ಸಹ ಈಟನ್ ತಂಡದ ನಾಯಕನಾಗಿದ್ದವನೇ. ಮುಂಬಯಿ ಮತ್ತು ಮದರಾಸುಗಳ ಗವರ್ನರ್ ಆಗಿ, ತರುವಾಯ 1931ರಿಂದ 1936ರವರೆಗೆ ವೈಸರಾಯ್ ಆಗಿ ಈತ ಕಾಂಗ್ರೆಸ್ಸಿನ ಚಳುವಳಿಯನ್ನು ಕಠೋರವಾಗಿ ಹತ್ತಿಕ್ಕಿದ. ಆದರೆ ಭಾರತೀಯರಿಗೆ ಪ್ರವೇಶವಿಲ್ಲದ ಕ್ಲಬ್ಬುಗಳಿದ್ದ ಮುಂಬಯಿಯಲ್ಲಿ ಇಬ್ಬರಿಗೂ ಬಾಗಿಲು ತೆರೆದ ವಿಲಿಂಗ್ಡನ್ ಕ್ಲಬ್ಬಿನ ಸ್ಥಾಪನೆಗೆ ಕಾರಣನಾದವನೂ ಈತನೇ. ಇನ್ನು ಹ್ಯಾರೋ ಗುಡ್ಡದ ಮೇಲೆ 1905ರಿಂದ 1907ರವರೆಗೆ ಓದಿದ ಭಾರತೀಯ ಬಾಲಕನೊಬ್ಬನ ಹೆಸರನ್ನು ಹೇಳಲೇಬೇಕಿಲ್ಲ. ಅದೇ ಶಾಲೆಯಲ್ಲಿ ಅವನಿಗಿಂತ ಹದಿನೈದು ವರ್ಷ ಹಿಂದೆ ಓದಿದ್ದ ಚರ್ಚಿಲ್ ಸಾಮ್ರಾಜ್ಯವನ್ನು ಬಿಡೆನೆಂದ. ಜವಾಹರಲಾಲ್ ನೆಹರೂ ಅದನ್ನು ಬಿಡಿಸಿದರು. ಒಂದೇ ಶಾಲೆಯ ಇಬ್ಬರು ವಿದ್ಯಾರ್ಥಿಗಳ ನಡುವಣ ಈ ಪಂದ್ಯವು ಲಾರ್ಡ್ಸ್‌ನ ಯಾವ ಪಂದ್ಯಕ್ಕಿಂತಲೂ ದೊಡ್ಡದು.

1910: ಫೌಲರನ ಪಂದ್ಯ

ಎರಡು ಶತಮಾನಗಳ ಪಂದ್ಯಗಳಲ್ಲೆಲ್ಲ ಜನರು ಇಂದಿಗೂ ನೆನೆಯುವುದು 1910ರ ಜುಲೈ 8 ಮತ್ತು 9ರ ಪಂದ್ಯವನ್ನು. ಮೊದಲು ಆಡಿದ ಹ್ಯಾರೋ 232 ಓಟಗಳನ್ನು ಗಳಿಸಿತು. ಈಟನ್ ಕೇವಲ 67ಕ್ಕೆ ಕುಸಿದು, 165 ಓಟಗಳ ಹಿಂದುಳಿಕೆಯೊಂದಿಗೆ ಮತ್ತೆ ಆಡಬೇಕಾಯಿತು. ಎರಡನೆಯ ಸರದಿಯಲ್ಲಿಯೂ 65 ಓಟಗಳಾಗುವಷ್ಟರಲ್ಲಿ ಐದು ಹುದ್ದರಿಗಳು ಉರುಳಿದ್ದವು. ಪಂದ್ಯವು ಮುಗಿದಂತೆಯೇ ಎಂದು ಬಗೆದು ಅನೇಕ ಪ್ರೇಕ್ಷಕರು ಮನೆಯ ಹಾದಿ ಹಿಡಿದರು.

ಈಟನ್ನಿನ ನಾಯಕ ರಾಬರ್ಟ್ ಫೌಲರ್, ಐರ್ಲೆಂಡಿನ ಹುಡುಗ. ಆತ ದೃಢಚಿತ್ತನಾಗಿ ನಿಂತು 64 ಓಟಗಳನ್ನು ಹೊಡೆದ. ಆದರೂ ಒಂಬತ್ತನೆಯ ಹುದ್ದರಿ ಬಿದ್ದಾಗ ಈಟನ್ನಿಗೆ ದೊರೆತಿದ್ದ ಮುನ್ನಡೆ ನಾಲ್ಕೇ ನಾಲ್ಕು ಓಟ. ಆಗ ಜಾನ್ ಮ್ಯಾನರ್ಸ್ ಮತ್ತು ಲಿಸ್ಟರ್ ಕೇ ಎಂಬ ಇಬ್ಬರು ಹುಡುಗರು ಕೊನೆಯ ಹುದ್ದರಿಗೆ ಐವತ್ತು ಓಟಗಳನ್ನು ಕೂಡಿಸಿದರು. ಮ್ಯಾನರ್ಸ್ ಔಟಾಗದೆ 40. ತಂಡದ ಮೊತ್ತ 219. ಹ್ಯಾರೋ ಗೆಲ್ಲಲು ಬೇಕಾದದ್ದು ಬರಿಯ 55.

ಫೌಲರ್ ಚೆಂಡನ್ನು ಕೈಗೆತ್ತಿಕೊಂಡ. ನಿಧಾನಗತಿಯ ಆತನ ಎಸೆತಗಳು ನೆಲದಿಂದ ತಿರುಗಿ ಒಳನುಗ್ಗುತ್ತಿದ್ದವು. ಒಬ್ಬರ ಬೆನ್ನಿಗೆ ಒಬ್ಬರಂತೆ ಹ್ಯಾರೋ ಹುಡುಗರು ಹಿಂದಿರುಗಿದರು. 32 ಓಟಗಳಿಗೆ ಒಂಬತ್ತು ಹುದ್ದರಿ. ಕೊನೆಯ ಜೋಡಿಯು ಒಂದೊಂದೇ ಓಟವನ್ನು ಹೆಕ್ಕುತ್ತ ಹದಿಮೂರನ್ನು ಸೇರಿಸಿತು. ಇನ್ನು ಹತ್ತು ಬಂದರೆ ಗೆಲುವು. ಆಗ ದಾಂಡಿನಂಚಿಗೆ ತಾಗಿದ ಚೆಂಡು ಸ್ಲಿಪ್ಪಿನಲ್ಲಿ ನಿಂತವನ ಕೈಸೇರಿತು. ಹ್ಯಾರೋ 45ಕ್ಕೆ ಮುಗಿದು, ಈಟನ್ 9 ಓಟಗಳಿಂದ ಗೆದ್ದಿತು. ಫೌಲರನಿಗೆ ಆ ಸರದಿಯಲ್ಲಿ 23 ಓಟಗಳಿಗೆ 8 ಹುದ್ದರಿ. ಪಂದ್ಯದಲ್ಲಿ ಒಟ್ಟು 12. ಟೊಪ್ಪಿಗೆಗಳು ಗಾಳಿಯಲ್ಲಿ ಹಾರಿದವು. ವೃದ್ಧರೂ ಹುಡುಗರಂತೆ ಕುಣಿದರು.

ಆಯವ್ಯಯ ಪತ್ರವನ್ನು ವರ್ಷದ ಮಧ್ಯದಲ್ಲಿಯೇ ಓದಿ ಉದ್ಯಮವು ದಿವಾಳಿಯೆಂದು ತೀರ್ಮಾನಿಸಬಾರದೆಂಬುದಕ್ಕೆ ಇದೊಂದು ದೃಷ್ಟಾಂತ. ಆದರೆ ಈ ಪಂದ್ಯದ ನಿಜವಾದ ಲೆಕ್ಕವನ್ನು ಆಮೇಲಿನ ವರ್ಷಗಳಲ್ಲಿ ನೋಡಬೇಕು. ಕೊನೆಯದಾಗಿ ಔಟಾದ ಹ್ಯಾರೋ ಹುಡುಗ ಹೆರಾಲ್ಡ್ ಅಲೆಕ್ಸಾಂಡರ್ ಮುಂದೆ ಫೀಲ್ಡ್ ಮಾರ್ಷಲ್ ಆದ. 1942ರಲ್ಲಿ ಬ್ರಿಟಿಷ್ ಸೇನೆಯು ಬರ್ಮಾದಿಂದ ಭಾರತದ ಕಡೆಗೆ ಹಿಮ್ಮೆಟ್ಟಿದಾಗ ಅದರ ದಂಡನಾಯಕ ಆತನೇ. ಹ್ಯಾರೋದ ವಿಕೆಟ್ ಕೀಪರ್ ಆಗಿದ್ದ ವಾಲ್ಟರ್ ಮಾಂಕ್ಟನ್ ಹೆಸರಾಂತ ನ್ಯಾಯವಾದಿಯಾಗಿ, ಹೈದರಾಬಾದಿನ ನಿಜಾಮರಿಗೆ ಸಂವಿಧಾನ ಸಲಹೆಗಾರನಾದ. 1947ರ ನವೆಂಬರಿನಲ್ಲಿ ಭಾರತ ಸರ್ಕಾರದೊಡನೆ ನಿಜಾಮರು ಮಾಡಿಕೊಂಡ ಯಥಾಸ್ಥಿತಿ ಒಪ್ಪಂದದ ಸಂಧಾನಗಳಲ್ಲಿ ಈತನ ಪಾತ್ರವಿತ್ತು. ಕಲಬುರ್ಗಿ, ರಾಯಚೂರು, ಬೀದರಗಳ ಕನ್ನಡಿಗರ ಭವಿತವ್ಯವು ಅಂದು ಆ ಮೇಜಿನ ಮೇಲಿತ್ತೆಂಬುದನ್ನು ಹೈದರಾಬಾದಿನ ನಮ್ಮ ಹಿರಿಯರು ಬಲ್ಲರು.

ಇನ್ನು ಗೆದ್ದವರು? ಔಟಾಗದೆ ನಿಂತ ಜಾನ್ ಮ್ಯಾನರ್ಸ್ 1914ರ ಸೆಪ್ಟೆಂಬರಿನಲ್ಲಿ, ಮಹಾಯುದ್ಧದ ಮೊದಲ ವಾರಗಳಲ್ಲಿಯೇ, ಫ್ರಾನ್ಸಿನ ಕಾಡಿನಲ್ಲಿ ಮಡಿದ. ಫೌಲರ್ ಯುದ್ಧದಲ್ಲಿ ಶೌರ್ಯಪದಕವನ್ನು ಪಡೆದು ಬದುಕಿ ಬಂದನಾದರೂ, 1925ರಲ್ಲಿ ರಕ್ತದ ಅರ್ಬುದರೋಗಕ್ಕೆ ತುತ್ತಾಗಿ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ಇಂದು ಆ ರೋಗದ ಹಲವು ಬಗೆಗಳಿಗೆ ಔಷಧವಿದೆ, ಅಂದು ಇರಲಿಲ್ಲ.

ಯುದ್ಧದ ನೆರಳು

1914ರಿಂದ 1918ರವರೆಗಿನ ಯುದ್ಧದಲ್ಲಿ ಈಟನ್ನಿನ ಸಾವಿರಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳೂ ಹ್ಯಾರೋದ ಆರುನೂರಕ್ಕೂ ಹೆಚ್ಚು ಮಂದಿಯೂ ಪ್ರಾಣ ತೆತ್ತರು. ಆಟದ ಬಯಲಿನಲ್ಲಿ ಕಲಿತ ಶೌರ್ಯವೇ ರಣರಂಗಕ್ಕೆ ಸಾಕೆಂದು ಬಗೆದಿದ್ದ ಒಂದು ಪೀಳಿಗೆಯನ್ನು ಮೆಷಿನ್ ಗನ್ನು ಸವರಿ ಹಾಕಿತು. ಪಂದ್ಯದಲ್ಲಿ ಸೋತವನು ಮುಂದಿನ ವರ್ಷ ಮತ್ತೆ ಆಡಬಹುದು. ಯುದ್ಧದಲ್ಲಿ ಮುಂದಿನ ವರ್ಷವೆಂಬುದಿಲ್ಲ. ಈ ಸರಳ ಭೇದವನ್ನು ಮರೆಸಿದ್ದೇ ಆ ಕಾಲದ ಶಾಲಾ ಬೋಧನೆಯ ದೊಡ್ಡ ಲೋಪವೆಂದು ನನ್ನ ಎಣಿಕೆ.

ಯುದ್ಧಾನಂತರ ಪಂದ್ಯವು ಪುನರಾರಂಭವಾಯಿತು. ಆದರೆ ಹ್ಯಾರೋದ ಅದೃಷ್ಟವು ಕೈಕೊಟ್ಟಿತ್ತು. 1908ರಲ್ಲಿ ಗೆದ್ದ ಆ ಶಾಲೆಗೆ ಮತ್ತೊಂದು ಜಯ ಲಭಿಸಲು ಮೂವತ್ತೊಂದು ವರ್ಷಗಳೇ ಬೇಕಾದವು. 1910ರಲ್ಲಿ ಹತ್ತು ಓಟಗಳಿಗಾಗಿ ತವಕಿಸಿದ ಹುಡುಗರ ಮಕ್ಕಳು ಬೆಳೆದು ಆಡುವಷ್ಟು ಕಾಲವದು. 1939ರ ಜುಲೈಯಲ್ಲಿ ಕೊನೆಗೂ ಹ್ಯಾರೋ ಎಂಟು ಹುದ್ದರಿಗಳಿಂದ ಗೆದ್ದಾಗ ಹಿರಿಯರೂ ಕಿರಿಯರೂ ಮೈದಾನಕ್ಕೆ ನುಗ್ಗಿದರು. ಟೊಪ್ಪಿಗೆಗಳು ಹರಿದವು, ಕೊಡೆಗಳು ಮುರಿದವು. ಮರ್ಯಾದೆಯ ಶಿಖರದಂತಿದ್ದ ಜನರು ಪರಸ್ಪರ ಕೈಮಿಲಾಯಿಸಿದ್ದನ್ನು ಪತ್ರಿಕೆಗಳು ವರದಿಮಾಡಿದವು. ಎರಡು ತಿಂಗಳೊಳಗಾಗಿ ಇನ್ನೊಂದು ಮಹಾಯುದ್ಧವು ಆರಂಭವಾಯಿತು.

ಲಾರ್ಡ್ಸ್ ಯಾರದು?

ಎರಡನೆಯ ಮಹಾಯುದ್ಧದ ನಂತರ ಕುದುರೆಗಾಡಿಗಳು ಮಾಯವಾದವು, ಪ್ರೇಕ್ಷಕರು ವಿರಳವಾದರು. 1980ರ ದಶಕದಲ್ಲಿ ಎರಡು ದಿನಗಳ ಪಂದ್ಯವು ಒಂದು ದಿನಕ್ಕಿಳಿಯಿತು. ಅನಂತರ ಸೀಮಿತ ಓವರುಗಳ ಪಂದ್ಯವಾಯಿತು. ಆದರೂ ಸ್ಥಳ ಮಾತ್ರ ಬದಲಾಗಲಿಲ್ಲ. ವಿಶ್ವದ ಶ್ರೇಷ್ಠ ಆಟಗಾರರೂ ಒಮ್ಮೆ ಆಡಿದರೆ ಧನ್ಯರೆಂದುಕೊಳ್ಳುವ ಅಂಗಳದಲ್ಲಿ ಎರಡು ಶಾಲೆಗಳ ಹುಡುಗರು ಹುಟ್ಟುಹಕ್ಕಿನಂತೆ ವರ್ಷವರ್ಷವೂ ಆಡುತ್ತ ಬಂದರು.

2022ರ ಫೆಬ್ರವರಿಯಲ್ಲಿ ಲಾರ್ಡ್ಸ್‌ನ ಒಡೆತನವುಳ್ಳ ಎಂ.ಸಿ.ಸಿ. ಸಂಸ್ಥೆಯು, ಮುಂದಿನ ವರ್ಷದಿಂದ ಈ ಪಂದ್ಯಕ್ಕೂ ಆಕ್ಸ್‌ಫರ್ಡ್ ಕೇಂಬ್ರಿಜ್ ಪಂದ್ಯಕ್ಕೂ ಅಲ್ಲಿ ಅವಕಾಶವಿಲ್ಲವೆಂದು ಪ್ರಕಟಿಸಿತು. ಆ ದಿನಗಳನ್ನು ಹೆಚ್ಚು ಜನರಿಗೆ ಅವಕಾಶವೀಯುವ ಪಂದ್ಯಗಳಿಗಾಗಿ ಮೀಸಲಿಡುವುದು ಉದ್ದೇಶ. ಹಳೆಯ ಸದಸ್ಯರಲ್ಲಿ ಹಲವರು ಪ್ರತಿಭಟಿಸಿದರು. ವಿಶೇಷ ಸಭೆ ಕರೆಯಲ್ಪಟ್ಟಿತು. ಕೊನೆಗೆ 2023ರಲ್ಲಿ, 2027ರವರೆಗೆ ಪಂದ್ಯವನ್ನು ಅಲ್ಲಿಯೇ ಮುಂದುವರಿಸುವುದೆಂಬ ರಾಜಿಯಾಯಿತು. ಅದೇ ವರ್ಷದ ಜೂನಿನಲ್ಲಿ ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿರುವ ಅಸಮಾನತೆಯನ್ನು ಕುರಿತು ಸ್ವತಂತ್ರ ಆಯೋಗವೊಂದು ವರದಿಯನ್ನಿತ್ತು, ಈ ಪಂದ್ಯದ ಸ್ಥಾನದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳ ಅಂತಿಮ ಪಂದ್ಯಗಳು ಲಾರ್ಡ್ಸ್‌ನಲ್ಲಿ ನಡೆಯಬೇಕೆಂದು ಶಿಫಾರಸು ಮಾಡಿತು. ಆ ವರದಿ ಹೊರಬಂದ ಹೊತ್ತಿಗೆ ಇಂಗ್ಲೆಂಡಿನ ಮಹಿಳಾ ತಂಡವು ಲಾರ್ಡ್ಸ್‌ನಲ್ಲಿ ಒಂದೇ ಒಂದು ಟೆಸ್ಟ್ ಪಂದ್ಯವನ್ನೂ ಆಡಿರಲಿಲ್ಲ. ಎಂ.ಸಿ.ಸಿ.ಯಾದರೋ ಮಹಿಳೆಯರಿಗೆ ಸದಸ್ಯತ್ವವನ್ನು ನೀಡಲು ಒಪ್ಪಿದ್ದೇ 1998ರಲ್ಲಿ.

ಸಂಪ್ರದಾಯ ಒಂದು ಕಡೆ, ನ್ಯಾಯ ಇನ್ನೊಂದು ಕಡೆ. ಎರಡು ಶತಮಾನದ ನೆನಪನ್ನು ಒಂದು ನಿರ್ಣಯದಿಂದ ಅಳಿಸಬಾರದೆಂಬ ವಾದದಲ್ಲಿ ತಥ್ಯವಿಲ್ಲದಿಲ್ಲ. ಆದರೆ ನೆನಪು ಇರುವುದು ನೆಲದಲ್ಲಲ್ಲ, ನೆನೆಯುವವರಲ್ಲಿ. ಮೊದಲ ಪಂದ್ಯವು ನಡೆದ ನೆಲವನ್ನು ಥಾಮಸ್ ಲಾರ್ಡನೇ ಬಿಟ್ಟುಹೋದ. ಪಂದ್ಯವು ಅದರಿಂದ ನಿಂತುಹೋಗಲಿಲ್ಲ. ಈಟನ್ನಿಗೂ ಹ್ಯಾರೋಗೂ ಸ್ವಂತ ಮೈದಾನಗಳು ಹೇರಳವಾಗಿವೆ. ಇಂಗ್ಲೆಂಡಿನ ಅನೇಕ ಸರ್ಕಾರಿ ಶಾಲೆಗಳಿಗೆ ಒಂದು ಹಸನಾದ ಪಿಚ್ಚೂ ಇಲ್ಲ. ಇರುವವರು ಒಂದು ದಿನವನ್ನು ಇಲ್ಲದವರಿಗೆ ಬಿಟ್ಟುಕೊಟ್ಟರೆ ಪೈಪೋಟಿಗೆ ಕುಂದು ಬಾರದು. ಅದರ ಗೌರವ ಹೆಚ್ಚೀತು.

ನಮ್ಮ ಮಕ್ಕಳು, ನಮ್ಮ ಬಯಲುಗಳು

ವಸತಿಶಾಲೆಯ ಈ ಪರಂಪರೆಯು ನಮ್ಮ ದೇಶಕ್ಕೂ ಬಂದಿದೆ. 1875ರಲ್ಲಿ ಅಜ್ಮೀರದಲ್ಲಿ ರಾಜಕುಮಾರರಿಗಾಗಿ ಸ್ಥಾಪಿತವಾದ ಮೇಯೋ ಕಾಲೇಜನ್ನು ಪೂರ್ವದೇಶದ ಈಟನ್ ಎಂದು ಕರೆದರು. 1935ರಲ್ಲಿ ಡೆಹರಾಡೂನಿನಲ್ಲಿ ತೆರೆದ ಡೂನ್ ಶಾಲೆಯ ಮೊದಲ ಮುಖ್ಯೋಪಾಧ್ಯಾಯ ಆರ್ಥರ್ ಫುಟ್ ಈಟನ್ನಿನಲ್ಲಿ ವಿಜ್ಞಾನ ಬೋಧಿಸುತ್ತಿದ್ದವನು. 2023ರಲ್ಲಿ ಹ್ಯಾರೋ ಹೆಸರಿನ ಶಾಲೆಯೊಂದು ಬೆಂಗಳೂರಿನ ಹೊರವಲಯದಲ್ಲಿಯೇ ಬಾಗಿಲು ತೆರೆಯಿತು. ಹೀಗಾಗಿ ಇಂತಹ ಪೈಪೋಟಿಯ ಗುಣದೋಷಗಳನ್ನು ತೂಗಿ ನೋಡುವುದು ನಮ್ಮ ಪೋಷಕರಿಗೂ ಅಗತ್ಯ.

ಈ ಸ್ಮರಣ ಸಂಚಿಕೆಯಲ್ಲಿ ಆರೋಗ್ಯವಿಷಯಕ ಲೇಖನಗಳಿಗೆ ಪ್ರಾಧಾನ್ಯವಿರುವುದರಿಂದ ಎರಡು ಮಾತುಗಳನ್ನು ಸೇರಿಸುವುದು ಅಪ್ರಸ್ತುತವಾಗದು. ಐದರಿಂದ ಹದಿನೇಳು ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈಬೆವರುವಂತೆ ಚಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎಲುಬು, ಹೃದಯ, ನಿದ್ರೆ, ಮನಸ್ಸಿನ ಪ್ರಸನ್ನತೆ ಇವೆಲ್ಲಕ್ಕೂ ಅದು ಹಿತಕರ. ಮಹಾನಗರಗಳ ಎರಡು ಕೋಣೆಯ ಮನೆಗಳಲ್ಲಿ ಬೆಳೆಯುವ, ಶಾಲೆಯಿಂದ ಟ್ಯೂಷನ್ನಿಗೆ, ಟ್ಯೂಷನ್ನಿನಿಂದ ಮೊಬೈಲಿಗೆ ಸಾಗುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ಒಂದು ಗಂಟೆ ಲಭಿಸುತ್ತಿದೆ?

ಮತ್ತೊಂದು ಮಾತು ಅತಿರೇಕವನ್ನು ಕುರಿತದ್ದು. ಬೆಳೆಯುವ ವಯಸ್ಸಿನಲ್ಲಿ ವಿಶ್ರಾಂತಿಯಿಲ್ಲದೆ ವೇಗವಾಗಿ ಚೆಂಡೆಸೆಯುವ ಹುಡುಗರ ಬೆನ್ನೆಲುಬಿನ ಕೆಳಭಾಗದಲ್ಲಿ ಸೂಕ್ಷ್ಮವಾದ ಬಿರುಕುಗಳುಂಟಾಗುವ ಅಪಾಯವನ್ನು ವೈದ್ಯರು ಗುರುತಿಸಿದ್ದಾರೆ. ಎಲುಬು ಪೂರ್ಣವಾಗಿ ಗಟ್ಟಿಯಾಗುವ ಮುನ್ನವೇ ಅದರ ಮೇಲೆ ಮತ್ತೆ ಮತ್ತೆ ಬೀಳುವ ಹೊರೆಯೇ ಇದಕ್ಕೆ ಕಾರಣ. ಆದುದರಿಂದ ಎಳೆಯ ಬೌಲರುಗಳು ಒಂದು ದಿನದಲ್ಲಿ ಎಸೆಯಬಹುದಾದ ಓವರುಗಳಿಗೆ ಮಿತಿಯನ್ನು ಹಾಕುವ ಪದ್ಧತಿ ಅನೇಕ ದೇಶಗಳಲ್ಲಿ ಜಾರಿಯಲ್ಲಿದೆ. ಬೆನ್ನುನೋವೆಂದು ಹುಡುಗ ಹೇಳಿದಾಗ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸುವುದು ಮೇಲು. ಶರೀರದಂತೆಯೇ ಮನಸ್ಸೂ ಭಾರವನ್ನು ಹೊರುವುದಕ್ಕೆ ಒಂದು ಮಿತಿಯುಂಟು. ಓಟಕ್ಕೊಂದು ಶಿಲ್ಲಿಂಗ್ ಎಂದ ತಂದೆಯ ಆಮಿಷವು ಪ್ರತಿಭಾವಂತನಾದ ಜಾಕ್ಸನ್ನನಿಗೆ ವಿನೋದವಾಗಿದ್ದಿರಬಹುದು. ಸೊನ್ನೆಗೆ ಔಟಾಗಿ ಮನೆಗೆ ಬರುವ ಮಗನಿಗೆ ಅಂತಹ ಒಪ್ಪಂದವು ಸಾಲದ ಹೊರೆಯಾದೀತು. ಪ್ರೀತಿಯನ್ನು ಅಂಕಗಳಿಗೂ ಓಟಗಳಿಗೂ ಅಡವಿಡಬಾರದು.

1910ರ ಪಂದ್ಯದಲ್ಲಿ ಜೊತೆಗಾರನೊಡನೆ ಹದಿಮೂರು ಓಟಗಳನ್ನು ಹೆಕ್ಕಿ, ಇನ್ನು ಹತ್ತಿರುವಾಗ ಔಟಾದ ಹುಡುಗನು ಅಂದು ಸಂಜೆ ಹ್ಯಾರೋ ಗುಡ್ಡವನ್ನು ಯಾವ ಮುಖದಿಂದ ಹತ್ತಿದನೋ! ಆದರೆ ಆ ಸೋಲು ಅವನ ಬಾಳನ್ನು ಕೆಡಿಸಲಿಲ್ಲ. ಸೋಲನ್ನು ಸಹಿಸುವ ಅಭ್ಯಾಸವನ್ನು ಚಿಕ್ಕಂದಿನಲ್ಲಿಯೇ, ಹೆಚ್ಚು ಬೆಲೆ ತೆರದೆ, ಕಲಿಸಿಕೊಡುವ ಪಾಠಶಾಲೆ ಆಟದ ಬಯಲಲ್ಲದೆ ಬೇರೆ ಇಲ್ಲ. ಆ ಬಯಲು ಎರಡು ಶಾಲೆಗಳ ಸೊತ್ತಾಗದೆ ಎಲ್ಲ ಮಕ್ಕಳಿಗೂ ದೊರೆಯಬೇಕು. ಅದಕ್ಕಾಗಿ ನಾವಿರುವ ನಗರಗಳಲ್ಲಿ ಉಳಿದಿರುವ ಮೈದಾನಗಳನ್ನು ಕಟ್ಟಡಗಳ ಬಾಯಿಂದ ಕಾಪಾಡಿಕೊಳ್ಳುವುದು, ಭಾನುವಾರದ ಬೆಳಗಿನಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮ ಕೈಯಲ್ಲಿಯೇ ಇರುವ ಕೆಲಸ. ನಮ್ಮ ಸಂಘಗಳು ನಾಡಹಬ್ಬದ ಜೊತೆಗೆ ಮಕ್ಕಳಿಗೊಂದು ವಾರ್ಷಿಕ ಪಂದ್ಯವನ್ನೂ ಏರ್ಪಡಿಸಿ, ಗೆದ್ದವರನ್ನೂ ಸೋತವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಿದರೆ, 1805ರ ಆ ಸಂಜೆಯ ಸ್ನೇಹದ ತಿರುಳು, ಗದ್ದಲವನ್ನುಳಿದು, ನಮ್ಮಲ್ಲಿಯೂ ಉಳಿದೀತು.